ಗಡಗಿ ತಾನ ಕುದಿತೈತಿ, ಗಡಗಿ ತುಂಬೋರು ಯಾರು?

ನಮ್ಮ ಕಡೆ ಕ್ಯಾಸರೋಲ್ ಅಂದ್ರ ಚಪಾತಿ ಬಿಸಿ ಇರಲಿ ಅಂತ ಇಡೂ ಡಬ್ಬಿ. ಹಿಂಗಾಗಿ ಪುಣೆಯಿಂದ ನಮ್ಮ ನಾದಿನಿ ಫೋನ್ ಮಾಡಿ, "ವೈನಿ, ಒಂದು ಸ್ಲೋ ಕುಕ್ಕರ್ ಕಳಸೀನಿ, ಚಿಕನ್ ಕ್ಯಾಸರೋಲ್ ಮಾಡ್ರಿ, ಭಾಳ ಸುಲಭ ಐತಿ" ಅಂದಾಗ ನಮ್ಮ ಅತ್ತಿ ಗಾಬರಿ ಆದ್ರು. "ಚಪಾತಿ ಡಬ್ಬ್ಯಾಗ ಕೋಳಿ ಹೆಂಗ ಬೇಯತೈತಿ?" ಅಂತ ಕೇಳಿದ್ರು. ಎಲ್ಲಾರೂ ನಕ್ವಿ. ಆಮ್ಯಾಲ ನಾದಿನಿ ಬಿಡಿಸಿ ಹೇಳಿದ್ಲು. ಒಂದ ಪಾತ್ರೆದಾಗ ಕೋಳಿ, ಬಟಾಟಿ, ಮಸಾಲಿ ಎಲ್ಲಾ ಹಾಕಿ, ಮುಚ್ಚಿ, ಸಣ್ಣ ಉರಿಮ್ಯಾಲ ತಾಸಗಟ್ಟಲೆ ಬೇಯಿಸೂದಕ್ಕ ಹೊರದೇಶದಾಗ ಆ ಹೆಸರು ಐತಂತ. ಮುಂಜಾನಿ ತುಂಬಿಸಿ ಬಟನ್ ಒತ್ತಿ ಕೆಲಸಕ್ಕ ಹೋದ್ರ, ಸಂಜಿಕ ಬರೂದ್ರಾಗ ಊಟ ತಯಾರ.

ಆ ಮಶೀನ್ ಬಂದು ಈಗ ವರ್ಷದ ಮ್ಯಾಲ ಆತು. ನಮ್ಮ ಮಚ್ಛೆದಾಗ ನನ್ನಂಗ ಕಂಪನಿಗೆ ಹೋಗೂ ಅಕ್ಕತಂಗ್ಯಾರು ಭಾಳ ಮಂದಿ ಇದ್ದಾರ. "ಹೆಂಗೈತ್ರಿ ಅದು, ತಗೋಬೇಕಾ?" ಅಂತ ಕೇಳಿದವರಿಗೆ ಇಷ್ಟು ದಿನಾ "ಛಲೋ ಐತಿ" ಅಂತ ಅಷ್ಟ ಹೇಳಿ ಸುಮ್ಮನಾಗತಿದ್ದೆ. ಆದ್ರ ಅದು ಅರ್ಧ ಮಾತು. ಇವತ್ತು ಪೂರ್ತಿ ಹೇಳ್ತೀನಿ.

ನನ್ನ ದಿನಾ ನಿಮಗ ಗೊತ್ತಿರೂದ. ಎಂಟೂ ಕಾಲಿಗೆ ಮನಿ ಬಿಡೂದು, ದಿನಾ ಪೂರ್ತಿ ನಿಂತ ಕೆಲಸ, ಖಾನಾಪುರ ರೋಡಿನ ಗದ್ಲದಾಗ ಬಸ್ ಸಿಕ್ಕು ಮನಿ ಮುಟ್ಟೂದ್ರಾಗ ಆರೂವರಿ. ಬುಧವಾರ ನಮ್ಮನ್ಯಾಗ ಕೋಳಿ ಆಗಬೇಕು. ಚಪ್ಪಲ್ ಬಿಟ್ಟು, ಮಾರಿ ತೊಳಕೊಂಡು ಅಡಗಿಮನಿ ಹೊಕ್ರ ಉಳ್ಳಾಗಡ್ಡಿ ಹೆಚ್ಚೂದು, ಮಸಾಲಿ ಹುರಿಯೂದು, ರುಬ್ಬೂದು, ಕೋಳಿ ಬೇಯಿಸೂದು, ಭಾಕ್ರಿ ಬಡಿಯೂದು. ತಾಟು ಹಾಕೂದ್ರಾಗ ಎಂಟೂ ಕಾಲು. ಪಾಪ, ಹತ್ತನೆತ್ತೆ ಓದೂ ಮಗಳು ಪುಸ್ತಕ ಮುಚ್ಚಿಟ್ಟು ಮಿಕ್ಸರ್ ಹತ್ರ ನಿಲ್ಲತಿದ್ಲು. ಅವಕಿಂತ ಎರಡು ವರ್ಷ ದೊಡ್ಡ ಮಗ ಟಿವಿ ಮುಂದ ಕುಂತು "ಅವ್ವಾ, ಆತೇನ?" ಅಂತಿದ್ದ.

ಮೊದಲ ಬುಧವಾರ ಮಶೀನಿನ್ಯಾಗ ಮಾಡಿದಾಗ ನಿಜವಾಗಿ ಹಬ್ಬ ಆತು. ಬಾಗಲಾ ತಗದ ಕೂಡಲೆ ಪಡಸಾಲಿ ತುಂಬ ಕೋಳಿ ಸಾರಿನ ವಾಸನಿ. ಕೈಕಾಲು ತೊಳಕೊಂಡು ಚಾ ಕುಡದೆ. ಸಂಜಿ ಆರೂವರಿಗೆ ಕುಂತು ಚಾ ಕುಡದಿದ್ದು ಯಾವ ವರ್ಷ ಅಂತ ನನಗ ನೆನಪ ಇಲ್ಲ. ಎಲ್ಲಾರೂ "ಮಶೀನ್ ಅಡಗಿ ಮಾಡೇತಿ" ಅಂದ್ರು. ನಾನೂ ಹಂಗ ಅಂದೆ.

ಎರಡು ತಿಂಗಳಾದ ಮ್ಯಾಲ ಮಗಳು ಒಂದು ರಾತ್ರಿ ಅಡಗಿಮನಿ ಬಾಗಲದಾಗ ನಿಂತು ಕೇಳಿದ್ಲು: "ಅವ್ವಾ, ಮಶೀನ್ ಅಡಗಿ ಮಾಡ್ತೈತಿ ಅಂತಾರ ಎಲ್ಲಾರೂ. ಮತ್ತ ನೀ ಯಾಕ ಹನ್ನೊಂದಾದ್ರೂ ಮಲಗಿಲ್ಲ?"

ಕೈಯಾಗ ಬಳ್ಳೊಳ್ಳಿ ಸುಲಿತಿದ್ದೆ. ಉತ್ತರಾ ಹೊಳೀಲಿಲ್ಲ. ಆ ರಾತ್ರಿ ಮಲಗಿ ಲೆಕ್ಕಾ ಹಾಕಿದೆ. ಮೊದಲು ಸಂಜಿಕ ಒಂದು ತಾಸು ನಾಲ್ವತ್ತೈದು ಮಿನಿಟ್ ನಿಲ್ಲತಿದ್ದೆ. ಈಗ ರಾತ್ರಿ ನಾಲ್ವತ್ತು ಮಿನಿಟ್ ಹೆಚ್ಚೂದು ಹುರಿಯೂದು, ಮುಂಜಾನಿ ಹದಿನೈದು ಮಿನಿಟ್ ಗಡಗಿ ತುಂಬೂದು, ಸಂಜಿಕ ಅರ್ಧ ತಾಸು ಭಾಕ್ರಿ. ಕೂಡಿಸಿದ್ರ ಒಂದು ತಾಸು ಇಪ್ಪತ್ತೈದು ಮಿನಿಟ್. ಉಳಿದಿದ್ದು ಬರೇ ಇಪ್ಪತ್ತು ಮಿನಿಟ್! ಮಶೀನ್ ನನ್ನ ಕೆಲಸ ಕಡಿಮಿ ಮಾಡಿರಲಿಲ್ಲ. ಸಂಜಿಯಿಂದ ಎತ್ತಿ ರಾತ್ರಿಗೆ ಇಟ್ಟಿತ್ತು. ರಾತ್ರಿ ಯಾರೂ ನೋಡಂಗಿಲ್ಲ, ಅದಕ್ಕ ಎಲ್ಲಾರಿಗೂ ಸುಲಭ ಅನಿಸಿತ್ತು.

ನಾ ಹೇಳಬೇಕಂತಿರೂ ಮಾತು ಇದ: ಸಣ್ಣ ಉರಿ ಗಡಗಿ ಕೆಲಸಾ ಉಳಸಂಗಿಲ್ಲ, ಜಗಾ ಬದಲು ಮಾಡ್ತೈತಿ. ಜಗಾ ಬದಲಾದ ಕೆಲಸಾ ಬ್ಯಾರೆಯವರ ಕೈಗೆ ಹೋದ್ರ ಅಷ್ಟ ಅದು ಸುಲಭ. ನಮ್ಮ ಕೈಯಾಗ ಉಳಿದ್ರ, ಅದು ನಮ್ಮ ನಿದ್ದಿಗೆ ಬಡಕೊಂಡ ಸುಲಭ.

ಇದನ್ನ ಮಶೀನ್ ಮ್ಯಾಲಿನ ಸಿಟ್ಟಿಗೆ ಹೇಳಾಕತ್ತಿಲ್ರಿ. ಸಣ್ಣ ಉರಿಮ್ಯಾಲ ಬಿಟ್ಟು ಹೋಗೂದು ನಮಗೇನ ಹೊಸದಾ? ನನ್ನ ತವರು ಖಾನಾಪುರ ತಾಲೂಕಿನ ಹಳ್ಳಿ. ಮಳಿಗಾಲದಾಗ ಭತ್ತದ ನಟ್ಟಿ ಹಚ್ಚೂ ದಿನಾ ಮನಿಮಂದಿ ಎಲ್ಲಾ ಗದ್ದ್ಯಾಗ. ನಮ್ಮ ಅಜ್ಜಿ ನಸಿಕಿನ್ಯಾಗ ಮಣ್ಣಿನ ಗಡಗ್ಯಾಗ ಕೋಳಿನೋ ಹುರಳಿನೋ ಇಟ್ಟು ಒಂದು ಕುದಿ ಬರಿಸಿ, ಕಟಗಿ ಹಿಂದ ಎಳದು, ಕೆಂಡದ ಮ್ಯಾಲ ಬೂದಿ ಮುಚ್ಚಿ ಹೋಗಾಕಿ. ಮಧ್ಯಾನ್ನ ತೊಯ್ಸಿಕೊಂಡು ಬರೂದ್ರಾಗ ಎಲುಬಿನಿಂದ ಮಾಂಸ ತಾನ ಬಿಟ್ಟಿರತಿತ್ತು. ಕುಂಬಾರಿಕಿಗೆ ಖಾನಾಪುರ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದವರ ಕುಂಬಾರಿಕಿ ಸಂಸ್ಥೆನೂ ಅಲ್ಲೇ ಐತಿ. ಈ ಮಶೀನ್ ಒಳಗಿನ ಭಾರವಾದ ಪಾತ್ರೆನೂ ಸುಟ್ಟ ಮಣ್ಣಿಂದನ. ಕೆಂಡದ ಜಗಾದಾಗ ಕರೆಂಟ್ ಬಂದೈತಿ, ಅಷ್ಟ.

ಹೊರದೇಶದಾಗೂ ಇದರ ಬೇರು ಇಂಥಾದ್ದ. ಅಮೆರಿಕಾದಾಗ ಈ ಮಶೀನ್ ಮಾಡಿದ ಇರ್ವಿಂಗ್ ನ್ಯಾಕ್ಸನ್ ಅನ್ನಾವಗ 1940ರಾಗ ಪೇಟೆಂಟ್ ಸಿಕ್ತು. ಯೆಹೂದಿ ಮಂದಿ ಶುಕ್ರವಾರ ಸಂಜಿಯಿಂದ ಒಂದು ದಿನಾ ಒಲಿ ಹಚ್ಚಂಗಿಲ್ಲ. ಅದಕ್ಕ ಮೊದಲ ಗಡಗಿ ತುಂಬಿ, ಊರಿನ ಬ್ರೆಡ್ ಭಟ್ಟಿಯ ಆರೂ ಬಿಸಿದಾಗ ರಾತ್ರಿ ಪೂರ್ತಿ ಇಟ್ಟು, ಮರುದಿನಾ ಉಣ್ಣತಿದ್ರು. ಲಿಥುವೇನಿಯಾದಾಗ ಬೆಳೆದ ಅವನ ಹಿರ್ಯಾರ ಮನ್ಯಾಗಿನ ಆ ಅಡಗಿ ಕತಿ ಕೇಳೇ ಇದು ಅವಗ ಹೊಳೀತಂತ. 1971ರಾಗ ಇನ್ನೊಂದು ಕಂಪನಿ ಅದನ್ನ ಕ್ರಾಕ್-ಪಾಟ್ ಅಂತ ಹೆಸರಿಟ್ಟು, ಕೆಲಸಕ್ಕ ಹೋಗೂ ಹೆಂಗಸರಿಗೆ ಅಂತ ಮಾರಿತು. ನಮ್ಮ ದೇಶದಾಗ ಅದಕ್ಕಿಂತ ಮೊದಲ, 1910ರ ಸುಮಾರಿಗೆ, ಕೋಲ್ಕತ್ತಾದ ಡಾಕ್ಟರ್ ಇಂದುಮಾಧವ ಮಲ್ಲಿಕ್ ಇಕ್‌ಮಿಕ್ ಕುಕ್ಕರ್ ಮಾಡಿದ್ರು. ತಳದಾಗ ಇದ್ದಲಿ, ಮ್ಯಾಲ ಒಂದರ ಮ್ಯಾಲ ಒಂದು ಡಬ್ಬಿ. ಹಚ್ಚಿ ಹೋದ್ರ ಅನ್ನ, ಬ್ಯಾಳಿ, ಮಾಂಸ ಎಲ್ಲಾ ಉಗಿಮ್ಯಾಲ ತಾನ ಬೇಯತಿತ್ತು.

ಅಂದ್ರ ಬಿಟ್ಟು ಹೋಗಿ ಬೇಯಿಸೂದು ಆಲಸಿತನ ಅಲ್ಲ. "ಮಶೀನಿಗೆ ಹಾಕಿ ಹೋಗ್ಯಾಳ ನೋಡು" ಅಂತ ಯಾರರ ಅಂದ್ರ, ನಿಮ್ಮ ಅಜ್ಜಿ ಬೂದಿ ಮುಚ್ಚಿ ಹೋಗತಿದ್ದಿಲ್ಲೇನ ಅಂತ ಕೇಳ್ರಿ.

ಆದ್ರ ಅಜ್ಜಿ ಗಡಗಿ ನೆನಪಾದಾಗ ನನಗ ಇನ್ನೊಂದು ನೆನಪಾತು. ಆ ಕೋಳಿ ಹಿಡದು, ಕೊಯ್ದು, ಪುಚ್ಚ ತಗದು ಕೊಡಾವ ನಮ್ಮ ಕಾಕಾ. ಅದು ಗಂಡಸರ ಕೆಲಸನ ಇತ್ತು. ಕಟಗಿ ಒಡದು ಒಲಿ ಹತ್ರ ಇಡಾವ ಅಜ್ಜ. ಮಸಾಲಿ ಕಲ್ಲಿನ ಮ್ಯಾಲ ಅರಿಯಾಕಿ ಕಾಕು. ಬಳ್ಳೊಳ್ಳಿ ಸುಲಿಯೂದು ನಾವು ಹುಡುಗೂರು. ಅಜ್ಜಿ ಗಡಗಿ ಒಲಿಮ್ಯಾಲ ಏರಿಸೂದ್ರಾಗ ಅದಕ್ಕ ಏಳೆಂಟು ಮಂದಿ ಕೈ ಹತ್ತಿರತಿತ್ತು. ನಾವು ಕಂಪನಿ ಕೆಲಸಕ್ಕ ಅಂತ ಮಚ್ಛೆಗೆ ಬಂದು ಎರಡು ಖೋಲಿ ಮನಿ ಮಾಡಿದಾಗ ಗಡಗಿ ತಂದ್ವಿ, ಮಸಾಲಿ ಖಾರ ತಂದ್ವಿ, ಕೈಗೋಳನ್ನ ಊರಾಗ ಬಿಟ್ಟು ಬಂದ್ವಿ. ಏಳೆಂಟು ಮಂದಿ ಕೆಲಸ ಒಬ್ಬಾಕಿ ಕೈಗೆ ಬಿತ್ತು. ಈಗ ಅದಕ್ಕ ಮಶೀನ್ ಪರಿಹಾರ ಅಂತೀವಿ.

ಅದಕ್ಕ ನಮ್ಮನ್ಯಾಗ ಹೊಸಾ ಲೆಕ್ಕಾ ಮಾಡಿದೆ. ಜಗಳಾ ಆಡಲಿಲ್ಲ. ಒಂದು ಹಾಳಿಮ್ಯಾಲ ಬರದು ಫ್ರಿಜ್ ಬಾಗಲಿಗೆ ಹಚ್ಚಿದೆ. ಮಂಗಳವಾರ ಕೆಲಸದಿಂದ ಬರಾಗ ಕೋಳಿ ತಂದು, ತೊಳದು, ಉಪ್ಪು ಅರಿಷಿಣ ಹಚ್ಚಿ ಫ್ರಿಜ್ಜಿನ ತಳದ ಖಾನೆದಾಗ ಮುಚ್ಚಿ ಇಡೂದು ನಮ್ಮ ಮನಿಯವರ ಕೆಲಸ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಶುಂಠಿ, ಬಟಾಟಿ ಮಗಂದು. ಮಸಾಲಿ ಹುರಿಯೂದು ನಂದು. ಬುಧವಾರ ರಾತ್ರಿ ಆ ಭಾರದ ಪಾತ್ರೆ ತೊಳಿಯೂದು ಮತ್ತ ನಮ್ಮ ಮನಿಯವರದು. ಮಗಳ ಹೆಸರಿನ ಮುಂದ "ಓದೂದು" ಅಂತ ಬರದೆ. ಪರೀಕ್ಷಿ ಮುಗಿದ ಮ್ಯಾಲ ಅಣ್ಣನ ಸಂಗಟ ಸರದಿ.

ನಮ್ಮ ಮನಿಯವರು ಮೊದಲು "ನಾನೂ ದಣದು ಬರ್ತೀನಲ್ಲ" ಅಂದ್ರು. ಸುಳ್ಳಲ್ಲ, ಅವರೂ ದಣದ ಬರ್ತಾರ. "ಇಬ್ಬರೂ ದಣದು ಬರ್ತೀವಿ, ಅದಕ್ಕ ಇಬ್ಬರೂ ಹಂಚಿಕೊಳ್ಳೂದು" ಅಂದೆ. ಸ್ವಲ್ಪ ದಿನಾ ಮಾರಿ ಗಂಟ ಹಾಕಿದ್ರು, ಆಮ್ಯಾಲ ರೂಢಿ ಆತು. ಈಗ ಕೋಳಿ ಅಂಗಡ್ಯಾಗ ಯಾವ ತುಂಡು ಬೇಕು ಅಂತ ಅವರಿಗೆ ನನಗಿಂತ ಛಲೋ ಗೊತ್ತು. ಮಗಾ ಮೊದಲ ವಾರ ಅರ್ಧ ಬಳ್ಳೊಳ್ಳಿ ಸಿಪ್ಪಿ ಸಂಗಟನ ಹಾಕಿದ್ದ. ಹಂಗ ಉಂಡ್ವಿ.

ಈಗ ಅಡಗಿ ಹೇಳ್ತೀನಿ, ಯಾಕಂದ್ರ ಹೊರದೇಶದವರು ಬರದಂಗ ಮಾಡಿದ್ರ ನಮ್ಮ ಬಾಯಿಗೆ ಹತ್ತಂಗಿಲ್ಲ. ಐದು ಮಂದಿಗೆ ಲೆಕ್ಕಾ.

ಜವಾರಿ ಕೋಳಿ ಒಂದು ಕಿಲೋ. ಉಳ್ಳಾಗಡ್ಡಿ 3, ಬಳ್ಳೊಳ್ಳಿ 12 ಎಸಳು, ಹೆಬ್ಬೆರಳಿನಷ್ಟು ಶುಂಠಿ, ತುರಿದ ಒಣ ಕೊಬ್ರಿ ಅರ್ಧ ವಾಟಗಾ, ಎಳ್ಳು 2 ಚಮಚಾ, ಗಸಗಸಿ 1 ಚಮಚಾ, ಟಮಾಟಿ 2, ಬಟಾಟಿ 2. ಬ್ಯಾಸಗ್ಯಾಗ ಮಾಡಿಟ್ಟ ಮಸಾಲಿ ಖಾರ ಎರಡೂವರಿ ಚಮಚಾ. ನಾವು ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಸಂಕೇಶ್ವರಿ ಮೆಣಸಿನಕಾಯಿ ಹಾಕಿ ಕುಟ್ಟಿಸಿರತೀವಿ. ನಿಮ್ಮದು ಖಾರ ಹೆಚ್ಚಿದ್ರ ಕಡಿಮಿ ಹಾಕ್ರಿ.

ರಾತ್ರಿ ಉಳ್ಳಾಗಡ್ಡಿ ಎಣ್ಣ್ಯಾಗ ಕಂದು ಬಣ್ಣ ಬರೂತನಾ ಹುರೀರಿ. ಕೊಬ್ರಿ, ಎಳ್ಳು, ಗಸಗಸಿ ಬ್ಯಾರೆ ಹುರದು ಎಲ್ಲಾ ಕೂಡಿಸಿ ರುಬ್ಬಿರಿ. ಟಮಾಟಿ, ಮಸಾಲಿ ಖಾರ ಹಾಕಿ ಎಣ್ಣಿ ಬಿಡೂತನಾ ಹುರದು, ಆರಿಸಿ ಡಬ್ಬ್ಯಾಗ ಹಾಕಿ ಫ್ರಿಜ್ಜಿನ್ಯಾಗ ಇಡ್ರಿ. ಈ ಹುರಿಯೂದು ತಪ್ಪಿಸಬ್ಯಾಡ್ರಿ. ಸಣ್ಣ ಉರಿ ಗಡಗ್ಯಾಗ ಏನೂ ಕಂದಂಗಿಲ್ಲ. ಹಸಿ ಉಳ್ಳಾಗಡ್ಡಿ ಎಂಟು ತಾಸು ಬೆಂದ್ರೂ ಹಸಿ ವಾಸನಿನ ಬರತೈತಿ. ಮೊದಲ ಸಲ ನಮ್ಮ ಅತ್ತಿ "ದವಾಖಾನಿ ಊಟ ಇದ್ದಂಗೈತಿ" ಅಂದಿದ್ರು. ಖರೇನ ಹೇಳಿದ್ರು.

ಮುಂಜಾನಿ ಬುಟ್ಟಿಯಷ್ಟು ಅಗಲದ ಪಾತೇಲ್ಯಾಗ ಮಸಾಲಿ ಹಾಕಿ, ಒಂದೂವರಿ ವಾಟಗಾ ನೀರು ಹಾಕಿ ಕುದಿಸಿರಿ. ಕೋಳಿ ಹಾಕಿ ಐದು ಮಿನಿಟ್ ತಿರುವ್ರಿ. ಬಟಾಟಿ ದಪ್ಪ ಹೋಳು ಮಾಡಿ ಮಶೀನ್ ಪಾತ್ರೆಯ ತಳಕ್ಕ ಹಾಕ್ರಿ, ಯಾಕಂದ್ರ ಇದರಾಗ ಮಾಂಸಕಿಂತ ಬಟಾಟಿ ತಡಾ ಬೇಯತೈತಿ. ಮ್ಯಾಲ ಬಿಸಿ ಕೋಳಿ, ಬಿಸಿ ಮಸಾಲಿ ಸುರುವಿ, ಉಪ್ಪು ನೋಡಿ, ಮುಚ್ಚಿ, "ಲೋ" ಮ್ಯಾಲ ಎಂಟು ತಾಸು ಇಡ್ರಿ. ನಮ್ಮದು ಎಂಟು ತಾಸಿಗೆ ತಾನ "ವಾರ್ಮ್"ಗೆ ಬರತೈತಿ. ನಿಮ್ಮದು ಹಂಗಿಲ್ಲಂದ್ರ ಮನ್ಯಾಗ ಇರೋರಿಗೆ ಹೇಳಿ ಹೋಗ್ರಿ. ನೀರು ಹೆಚ್ಚು ಹಾಕಬ್ಯಾಡ್ರಿ, ಉಗಿ ಹೊರಗ ಹೋಗಂಗಿಲ್ಲ, ಸಾರು ತಿಳಿ ಆಗತೈತಿ. ನಡುವ ಮುಚ್ಚಳಾ ತಗದು ನೋಡಬ್ಯಾಡ್ರಿ. ಒಂದು ಸಲ ತಗದ್ರ ಹೋದ ಬಿಸಿ ತಿರುಗಿ ಏರಾಕ ಇಪ್ಪತ್ತು ಮಿನಿಟರ ಬೇಕು. ಕೊತಂಬ್ರಿ, ಲಿಂಬಿಹಣ್ಣು ಕಡೀಕ.

ಬ್ರಾಯ್ಲರ್ ಆದ್ರ? ಅದು ಆರು ವಾರದ ಆಸುಪಾಸಿನ್ಯಾಗ ಎರಡು ಕಿಲೋ ತೂಗೂ ಎಳೆ ಹಕ್ಕಿ. ಎಂಟು ತಾಸು ಇಟ್ರ ಎದಿ ಮಾಂಸ ಹತ್ತಿಯಂಗ ಆಗತೈತಿ. ಅದಕ್ಕ ನಮ್ಮ ಪ್ರೆಶರ್ ಕುಕ್ಕರ್ ಸಾಕು, ಇಪ್ಪತ್ತು ಮಿನಿಟಿನ್ಯಾಗ ಮುಗೀತು. ಬಾಜೂ ಮನಿ ಕಾಕು "ಇದಕ್ಯಾಕ ಮಶೀನ್?" ಅಂತ ಕೇಳೂದು ಇದಕ್ಕ, ಆ ಮಾತು ಬರೋಬರಿ ಐತಿ. ಅಂಗಳದಾಗ ಓಡಾಡಿ ಬೆಳೆದ ಜವಾರಿ ಕೋಳಿಗೆ ಇದು ಬೇಕು. ಅದರ ಮಾಂಸ ಬಿಗಿ. ಎಲುಬಿನ ಸುತ್ತಲ ನಾರು ನಿಧಾನಕ್ಕ ಕರಗಿ ಸಾರಿಗೆ ಅಂಟು ಬರತೈತಿ, ಆವಾಗ ರುಚಿ.

ಮೂರು ಮಾತು ಜ್ವಾಕಿಂದ ಕೇಳ್ರಿ. ಒಂದು, ಬರ್ಫ್ ಗಟ್ಟಿದ ಕೋಳಿ ಸೀದಾ ಇದರಾಗ ಹಾಕಬ್ಯಾಡ್ರಿ. ಮಶೀನ್ ನಿಧಾನಕ್ಕ ಬಿಸಿ ಆಗತೈತಿ, ಮಾಂಸ ತಾಸಗಟ್ಟಲೆ ಉಗುರು ಬೆಚ್ಚಗ ಉಳದು ಕೆಡತೈತಿ. ಎರಡು, ರಾಜ್ಮಾ ಮಾಡೋದಿದ್ರ ನೆನಸಿ, ನೀರು ಚೆಲ್ಲಿ, ಬ್ಯಾರೆ ಪಾತ್ರೆದಾಗ ಹತ್ತು ಮಿನಿಟ್ ಜೋರ ಕುದಿಸೇ ಇದಕ್ಕ ಹಾಕ್ರಿ. ಹಸಿ ರಾಜ್ಮಾದಾಗ ಹೊಟ್ಟಿ ಕೆಡಸೂ ವಿಷ ಇರತೈತಿ, ಸಣ್ಣ ಉರಿಗೆ ಅದು ಹೋಗಂಗಿಲ್ಲ. ಮೂರನೆದು ಕರೆಂಟಿಂದು.

ಒಂದು ಬುಧವಾರ ಅತ್ತಿ ತಂಗಿ ಮನಿಗೆ ಅಂತ ಖಾನಾಪುರಕ್ಕ ಹೋಗಿದ್ರು, ಮನ್ಯಾಗ ಯಾರೂ ಇರಲಿಲ್ಲ. ನಾ ಬರೂದ್ರಾಗ ಕಾಕು ಗೇಟಿನ್ಯಾಗ ನಿಂತು "ಹನ್ನೊಂದಕ್ಕ ಹೋದ ಕರೆಂಟ್ ಮೂರಕ್ಕ ಬಂತು ನೋಡವ್ವಾ" ಅಂದ್ರು. ಮುಚ್ಚಳಾ ತಗದೆ. ಬಣ್ಣ ಛಲೋ, ವಾಸನಿ ಛಲೋ, ಕೈ ಹಚ್ಚಿದ್ರ ಬೆಚ್ಚಗ. ಒಂದು ಕಿಲೋ ಜವಾರಿ ಕೋಳಿ! ಎತ್ತಿ ಚೆಲ್ಲಿದೆ. ತತ್ತಿ ಸಾರು ಮಾಡಿ ಉಂಡ್ವಿ. ರಾತ್ರಿ ಬಂದ ಅತ್ತಿ "ಒಂದು ಕುದಿ ಕುದಿಸಿದ್ರ ಆಗತಿತ್ತಲ್ಲ" ಅಂತ ಭಾಳ ಮರಗಿದ್ರು. ಆಗಂಗಿಲ್ಲ. ಅರೆ ಬೆಂದ ಮಾಂಸ ಅಷ್ಟು ತಾಸು ಬೆಚ್ಚಗ ಕುಂತಾಗ ಬೆಳೆಯೂ ಕೆಲವು ಕೀಟಾಣು ವಿಷ ಬಿಟ್ಟಿರತಾವು. ತಿರುಗಿ ಕುದಿಸಿದ್ರ ಕೀಟಾಣು ಸಾಯತಾವು, ವಿಷ ಉಳಿತೈತಿ. ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಅಂತ ಗೊತ್ತಾಗಲಿಲ್ಲಂದ್ರ, ಇಲ್ಲಾ ಎರಡು ತಾಸಿಗೆ ಮಿಕ್ಕಿ ಇರಲಿಲ್ಲಂದ್ರ ಚೆಲ್ಲಿರಿ. ಮನ್ಯಾಗ ಯಾರರ ಇದ್ರ ಕರೆಂಟ್ ಹೋದ ಕೂಡಲೆ ಪಾತೇಲಿಗೆ ಸುರುವಿ ಗ್ಯಾಸ್ ಮ್ಯಾಲ ಇಟ್ಟು ಪೂರ್ತಿ ಬೇಯಿಸಬಹುದು. ಅದಕ್ಕ ಈಗ ಅತ್ತಿ ಹೆಸರೂ ಹಾಳಿಮ್ಯಾಲ ಐತಿ: "ಕರೆಂಟ್ ಕಾವಲು". ಆ ಹೆಸರು ಅವರಿಗೆ ಭಾಳ ಸೇರೇತಿ.

ಬಿಲ್ಲಿನ ಚಿಂತಿ ಮಾಡೋರಿಗೆ: ನಮ್ಮ ಮಶೀನಿನ ತಳದಾಗ 210 ವ್ಯಾಟ್ ಅಂತ ಐತಿ. ಎಂಟು ತಾಸಿಗೆ ಹೆಚ್ಚಂದ್ರ 1.7 ಯೂನಿಟ್. 2000 ವ್ಯಾಟಿನ ಗೀಜರ್ ಐವತ್ತು ಮಿನಿಟ್ ಹಚ್ಚಿದ್ರ ಅಷ್ಟ ಆಗತೈತಿ. ಗೃಹಜ್ಯೋತಿಯ ಲೆಕ್ಕದಾಗ ನಿಮಗ ಎಷ್ಟು ಯೂನಿಟ್ ಅಂತ ಬಿಲ್ಲಿನ್ಯಾಗ ನೋಡಿ, ವಾರಕ್ಕ ಎಷ್ಟು ಸಲ ಹಚ್ಚೂದು ಅಂತ ನೀವ ನಿರ್ಧಾರ ಮಾಡ್ರಿ.

ಹಂಗಾದ್ರ ತಗೋಬೇಕಾ ಬ್ಯಾಡಾ? ಕೇಳೋರಿಗೆ ಈಗ ನಾ ತಿರುಗಿ ಒಂದು ಪ್ರಶ್ನೆ ಕೇಳ್ತೀನಿ: ರಾತ್ರಿ ಬಳ್ಳೊಳ್ಳಿ ಸುಲಿಯೋರು ಯಾರು? "ನಾನ" ಅಂದ್ರ, ಮೊದಲು ಹಾಳಿ ಬರದು ಫ್ರಿಜ್ಜಿಗೆ ಹಚ್ಚರಿ, ಆಮ್ಯಾಲ ಮಶೀನ್ ತರ್ರಿ. ಹಾಳಿಗೆ ರೊಕ್ಕ ಬೀಳಂಗಿಲ್ಲ. ಹಾಳಿ ನಡದ್ರ ಮಶೀನ್ ಇಲ್ಲದನೂ ಬುಧವಾರ ಹಗುರ ಆಗತೈತಿ. ಹಾಳಿ ನಡೀಲಿಲ್ಲಂದ್ರ ಮಶೀನ್ ತಂದ್ರೂ ಹನ್ನೊಂದಕ್ಕ ಮಲಗೋರು ನೀವ.

ಇನ್ನೊಂದು. ಉಳಿದ ಸಂಜಿ ಹೊತ್ತನ್ಯಾಗ "ಹೆಂಗೂ ಅಡಗಿ ಆಗೇತಿ" ಅಂತ ಬಟ್ಟಿ ಇಸ್ತ್ರಿ ಹಿಡಿಬ್ಯಾಡ್ರಿ. ನಾನೂ ಮೊದಲು ಹಂಗ ಮಾಡತಿದ್ದೆ. ಈಗ ಬುಧವಾರ ಆರೂವರಿಗೆ ಕಟ್ಟಿಮ್ಯಾಲ ಕುಂಡ್ರತೀನಿ. ಮಗಳು ಒಳಗ ಓದತಿರತಾಳ, ಮಗಾ ನಾಳಿ ಬಟಾಟಿ ಇಲ್ಲ ಅಂತ ಅಂಗಡಿಗೆ ಹೋಗಿರತಾನ. ನಿಮಗೂ ಹೊತ್ತಿದ್ರ ಬರ್ರಿ, ಚಾ ಕುಡಿಯೂಣು. ಭಾಕ್ರಿ ಬಡಿಯೂದು ಏಳೂವರಿಗೆ, ಅಲ್ಲೀತನಾ ನಾ ಎಲ್ಲೂ ಏಳಂಗಿಲ್ಲ.